ಸೋಮ ಯಾರ ಆಳು ಎಂದು ಕೇಳಿದ ವೆಂಕಮ್ಮ

ನಮ್ಮೂರ ಅಂಚೆ ಕಚೇರಿ ಎಂದರೆ ನನ್ನ ಮನೆ ಜಗಲಿಯ ಒಂದು ಮೂಲೆ. ಸಿದ್ದಾಪುರ ತಾಲೂಕಿನ ಘಟ್ಟದಂಚಿನ ಈ ಊರಿಗೆ ಇಪ್ಪತ್ತೆಂಟು ವರ್ಷ ನಾನೇ ಪೋಸ್ಟ್ ಮಾಸ್ತರ. ಹೆಸರು ರಘುಪತಿ ಹೆಗಡೆ, ಸಿಟ್ಟು ಮೂಗಿನ ತುದಿಯಲ್ಲೇ. ಊರವರಿಗೆ ಕಾಗದ ಓದಿ ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ. ಆದರೆ ವೆಂಕಮ್ಮನಷ್ಟು ನನ್ನ ಜೀವ ತಿಂದವರು ಬೇರೆ ಯಾರೂ ಇಲ್ಲ.

ವೆಂಕಮ್ಮ ಗುಡ್ಡದಾಚೆಯ ಕೇರಿಯವಳು. ಗಿಡ್ಡ ಆಳು, ದೊಡ್ಡ ಗಂಟಲು. ಅವಳು ಕೇರಿಯಲ್ಲಿ ಮಾತಾಡಿದರೆ ನನ್ನ ಜಗಲಿಗೆ ಕೇಳುತ್ತದೆ. ಗಂಡ ಸೋಮನದು ಬಾಯಿಯೇ ಇಲ್ಲದ ಜೀವ. ಮಳೆಗಾಲದಲ್ಲಿ ಇಬ್ಬರೂ ಕಾಡಿಗೆ ಹೋಗಿ ಉಪ್ಪಾಗೆ ಹಣ್ಣು ಹೆಕ್ಕುತ್ತಿದ್ದರು. ಸಿಪ್ಪೆ ಒಣಗಿಸಿದರೆ ಸಾರಿಗೆ ಹುಳಿ, ಬೀಜ ಕುದಿಸಿದರೆ ತುಪ್ಪ. ಹಣ್ಣಾಗಿ ತಾನಾಗಿ ಉದುರಿದ್ದನ್ನು ಮಾತ್ರ ಹೆಕ್ಕಬೇಕು, ಮರಕ್ಕೆ ಕೈ ಹಾಕಬಾರದು ಎಂಬುದು ಹಿರಿಯರ ಕಾಲದ ಕಟ್ಟಳೆ.

ತೊಂಬತ್ತರ ದಶಕದಲ್ಲಿ ಆ ಕಟ್ಟಳೆ ಮುರಿಯಿತು. ಉಪ್ಪಾಗೆ ಸಿಪ್ಪೆಯಿಂದ ಮೈ ಕರಗಿಸುವ ಮಾತ್ರೆ ಮಾಡುತ್ತಾರಂತೆ, ಪರದೇಶದಲ್ಲಿ ಭಾರೀ ಗಿರಾಕಿಯಂತೆ. ಇಲ್ಲಿ ಹೊಟ್ಟೆಗೆ ಸಾಲದವರು ಹೊಗೆ ಕುಡಿಯುತ್ತ ಸಿಪ್ಪೆ ಒಣಗಿಸಬೇಕು, ಅಲ್ಲಿ ತಿಂದು ಹೆಚ್ಚಾದವರು ಅದನ್ನು ನುಂಗಿ ಸಣ್ಣಗಾಗಬೇಕು! ಎಂಥಾ ವ್ಯಾಪಾರವೋ, ದೇವರಿಗೇ ಗೊತ್ತು. ಕಂಪನಿಯ ಪರವಾಗಿ ಗುತ್ತಿಗೆದಾರ ವಿಶ್ವೇಶ್ವರ ಬಂದ. ಹಣ್ಣಾಗುವವರೆಗೆ ಕಾದರೆ ಪಕ್ಕದ ಊರಿನವರು ಕೊಯ್ಯುತ್ತಾರೆ, ಕಾಯೇ ತನ್ನಿ ಎಂದ. ಗಂಡಸರು ಕತ್ತಿ ಹಿಡಿದು ಮರ ಹತ್ತಿದರು.

2001ರ ಆಷಾಢದಲ್ಲಿ ಸೋಮ ಪಾಚಿಗಟ್ಟಿದ ಕೊಂಬೆಯಿಂದ ಜಾರಿ ಬಿದ್ದ. ಶಿರಸಿ ಆಯಿತು, ಹುಬ್ಬಳ್ಳಿ ಆಯಿತು. ಸೊಂಟದಿಂದ ಕೆಳಗೆ ಜೀವ ಬರಲಿಲ್ಲ.

ವಿಶ್ವೇಶ್ವರನ ಮಾತು ಕೇಳಿ: "ನಾನು ತಂದದ್ದನ್ನ ಕೊಳ್ಳೋವ್ನು. ಹತ್ತು ಅಂದವ್ರು ಯಾರು? ಕಾಡು ಕದಿಯೋಕೆ ಹೋಗಿ ಬಿದ್ರೆ ನಾನೇನು ಮಾಡ್ಲಿ?"

ಬಿದ್ದ ಪೆಟ್ಟಿಗಿಂತ ಈ ಕದಿಯುವ ಮಾತು ವೆಂಕಮ್ಮನಿಗೆ ಹೆಚ್ಚು ನೋವು ಕೊಟ್ಟಿತು. ಮಾರನೆಯ ದಿನವೇ ನನ್ನ ಜಗಲಿಗೆ ಬಂದಳು.

"ಹೆಗಡೇರೆ, ಕಂಪನಿಗೆ ಒಂದು ಕಾಗ್ದ ಬರ್ಕೊಡಿ. ಏಳು ವರ್ಷ ಅವ್ರಿಗೇ ಕೊಯ್ದು ಹಾಕಿದವ್ನು ಕಳ್ಳ ಹೆಂಗಾಗ್ತಾ? ನನ್ ಗಂಡ ಅವ್ರ ಆಳು ಹೌದೋ ಅಲ್ದೋ, ಅದೊಂದ್ನ ಹೇಳ್ಲಿ."

ನಾನು ಬರೆದೆ. ಬಂಡವಾಳಶಾಹಿ, ಜಾಗತೀಕರಣ, ಶೋಷಣೆ, ನನಗೆ ಗೊತ್ತಿದ್ದದ್ದೆಲ್ಲ ನಾಲ್ಕು ಪುಟ. ಹೆಂಡತಿ ನೀಲಾ ಓದಿ ನಕ್ಕಳು. "ಇದು ಕಾಗ್ದ ಅಲ್ದೋ, ಬರೀ ಸಿಟ್ಟು. ವೆಂಕಮ್ಮ ಹೇಳಿದ್ದಷ್ಟೇ ಬರದ್ರೆ ಸಾಕಾಗಿತ್ತು." ಎರಡನೆಯದನ್ನು ನಾಲ್ಕೇ ಸಾಲಿನಲ್ಲಿ ಬರೆದೆ. ಉತ್ತರ ಎರಡೇ ಸಾಲಿನಲ್ಲಿ ಬಂತು: ನಾವು ಗುತ್ತಿಗೆದಾರರಿಂದ ಕೊಳ್ಳುತ್ತೇವೆ, ಕಾಡಿನಲ್ಲಿ ನಮ್ಮ ಕೆಲಸಗಾರರು ಯಾರೂ ಇಲ್ಲ.

ಹಾಗೆ ಎರಡು ವರ್ಷ ಹೋಯಿತು. ವೆಂಕಮ್ಮ ಗದ್ದೆ ನೆಟ್ಟಳು, ಕೂಲಿಗೆ ಹೋದಳು, ಗಂಡನ ಮೈ ತಿರುಗಿಸಿ ಹುಣ್ಣಾಗದಂತೆ ನೋಡಿಕೊಂಡಳು. ಆಗ ವಿಶ್ವೇಶ್ವರ ಹೊಸ ಸುದ್ದಿ ತಂದ. ಪರದೇಶದ ಗಿರಾಕಿಗಳು ತನಿಖೆಗೆ ಒಬ್ಬ ಅಧಿಕಾರಿಣಿಯನ್ನು ಕಳಿಸುತ್ತಾರೆ. ಕಾಡು ಕೆಡಿಸದೆ, ಬಿದ್ದ ಹಣ್ಣನ್ನೇ ಹೆಕ್ಕಿದ್ದು ಎಂದು ಖಾತ್ರಿಯಾದರೆ ಮಾತ್ರ ಖರೀದಿ. "ಯಾರೂ ಮರ ಹತ್ತೋದಿಲ್ಲ ಅಂತ ಒಂದೇ ಬಾಯಲ್ಲಿ ಹೇಳಿ. ಇಲ್ಲಾಂದ್ರೆ ಈ ಮಳೆಗಾಲ ಬಾಯಿಗೆ ಮಣ್ಣು." ಕೇರಿಯವರು ವೆಂಕಮ್ಮನ ಕೈ ಹಿಡಿದು ಬೇಡಿಕೊಂಡರು. ಹಿರಿಯಳಾದ ದುರ್ಗಮ್ಮನಂತೂ ಅತ್ತೇಬಿಟ್ಟಳು. ವೆಂಕಮ್ಮ ಹೂಂ ಎಂದಳು. ನನಗೆ ಮೈಯೆಲ್ಲ ಉರಿಯಿತು, ಆದರೆ ಮಳೆಗಾಲದ ಗಂಜಿ ನನ್ನದಲ್ಲವಲ್ಲ.

ಅಧಿಕಾರಿಣಿ ಬಂದಳು, ಬೆಂಗಳೂರಿನ ಹುಡುಗಿ, ಸಂಹಿತಾ ಅಂತ ಹೆಸರು. ಶಾಲೆಯಲ್ಲಿ ಸಭೆ. ಎಲ್ಲರೂ ಪಾಠ ಒಪ್ಪಿಸಿದರು. ಕೊನೆಗೆ ದುರ್ಗಮ್ಮ ಬಾಳೆಎಲೆ ಹಾಸಿದ ಬುಟ್ಟಿಯಲ್ಲಿ ಉಪ್ಪಾಗೆ ತಂದು ಅವಳ ಮುಂದಿಟ್ಟಳು. ನೆಲಕ್ಕೆ ಬಿದ್ದದ್ದನ್ನು ನಮ್ಮಲ್ಲಿ ದೇವರಿಗೂ ಏರಿಸುವುದಿಲ್ಲ, ನೆಂಟರಿಗೂ ಕೊಡುವುದಿಲ್ಲ. ಹಾಗಾಗಿ ಬುಟ್ಟಿ ತುಂಬ ಹಸಿರು ಕಾಯಿ, ಎಲೆ ತೊಟ್ಟು ಸಮೇತ, ಬೆಳಿಗ್ಗೆಯಷ್ಟೇ ಮರದಿಂದ ಕೊಯ್ದದ್ದು!

ಸಂಹಿತಾ ಒಂದು ಗೊಂಚಲು ಎತ್ತಿ ಕತ್ತಿ ತಾಗಿದ ಜಾಗ ನೋಡಿದಳು.

"ಇದನ್ನ ಯಾರು ಕೊಯ್ದಿದ್ದು?"

"ಗಾಳಿಗೆ ಬಿದ್ದದ್ದು ಮೇಡಂ," ಅಂದ ವಿಶ್ವೇಶ್ವರ.

ವೆಂಕಮ್ಮ ಎದ್ದು ನಿಂತಳು. "ಗಾಳಿಗೆ ಕತ್ತಿ ಹಿಡಿಯೋಕೆ ಬರ್ತದ್ರಾ? ಹತ್ತಿ ಕೊಯ್ದದ್ದು ಅಮಾ. ಎಲ್ರೂ ಹತ್ತತ್ರು. ಈ ಗುತ್ತಿಗೆಯವ್ರು ಹತ್ತಿ ಅಂದ್ರು, ಹತ್ತಿದ್ರು. ನನ್ ಗಂಡ ಬಿದ್ದು ಎರಡು ವರ್ಷಾತು, ಮನೆಲಿದ್ದ, ಬಂದು ನೋಡಿ." ಸಂಹಿತಾ ಹೋಗಿ ಸೋಮನ ಮಗ್ಗುಲಲ್ಲಿ ಕೂತು ಎಲ್ಲ ಬರೆದುಕೊಂಡಳು.

ಆ ವರ್ಷ ನಮ್ಮೂರಿನ ಖರೀದಿ ನಿಂತಿತು. ಕೇರಿಯವರು ವೆಂಕಮ್ಮನನ್ನು ಬಾವಿಕಟ್ಟೆಯಲ್ಲಿ ಮಾತಾಡಿಸುವುದನ್ನೂ ಬಿಟ್ಟರು. ದುರ್ಗಮ್ಮ ಎದುರಾದರೆ ದಾರಿ ಬದಲಿಸುತ್ತಿದ್ದಳು. ತಪ್ಪೆಲ್ಲ ಕಂಪನಿಯದು, ಶಿಕ್ಷೆ ಈ ಹೆಂಗಸಿಗೆ. ನನಗೆ ಸಂಕಟವಾಗುತ್ತಿತ್ತು.

ದೀಪಾವಳಿಯ ಹೊತ್ತಿಗೆ ಸೋಮನ ಹೆಸರಿಗೆ ರಿಜಿಸ್ಟರ್ ಕಾಗದ ಬಂತು. ಗಿರಾಕಿಗಳ ಮುಂದೆ ತಾನು ಶುದ್ಧ ಎಂದು ತೋರಿಸಲು ಕಂಪನಿ ಕ್ರಮ ಕೈಗೊಂಡಿತ್ತು. "ನಮ್ಮ ಸಂಗ್ರಹಕಾರ ಸೋಮ ನಿಯಮ ಮೀರಿ ಮರ ಹತ್ತಿದ್ದರಿಂದ ಅವರ ಹೆಸರನ್ನು ನಮ್ಮ ಕೆಲಸಗಾರರ ಪಟ್ಟಿಯಿಂದ ತೆಗೆಯಲಾಗಿದೆ." ಓದುತ್ತ ಓದುತ್ತ ನಾನು ಕುಣಿಯುವುದೊಂದು ಬಾಕಿ. ಪಟ್ಟಿಯಲ್ಲಿ ಇದ್ದವನ ಹೆಸರನ್ನು ತಾನೇ ತೆಗೆಯಲು ಸಾಧ್ಯ?

ವೆಂಕಮ್ಮನನ್ನು ಕರೆದುಕೊಂಡು ಶಿರಸಿಗೆ ಹೋದೆ. ಕಾರ್ಮಿಕ ಅಧಿಕಾರಿಯ ಮುಂದೆ ದಾವೆ ಹೂಡಿದೆವು. ಒಂದೂವರೆ ವರ್ಷ ತಾರೀಖಿನ ಮೇಲೆ ತಾರೀಖು. ಅವಳು ಒಂದನ್ನೂ ತಪ್ಪಿಸಲಿಲ್ಲ. ಕಂಪನಿಯ ವಕೀಲ ಸೋಮ ನಮ್ಮ ಆಳೇ ಅಲ್ಲ ಎಂದಾಗ ಅಧಿಕಾರಿ ಆ ಕಾಗದ ಎತ್ತಿ ಹಿಡಿದು, "ಹಾಗಾದರೆ ಯಾರನ್ನು ತೆಗೆದಿರಿ?" ಎಂದು ಕೇಳಿದರು. ಸೋಮ ಕಂಪನಿಯ ಕೆಲಸಗಾರ, ಕೆಲಸದಲ್ಲಿರುವಾಗಲೇ ಬಿದ್ದದ್ದು, ಪರಿಹಾರ ಕೊಡತಕ್ಕದ್ದು ಎಂದು ಆದೇಶವಾಯಿತು.

ಆ ಸಂಜೆ ಕೇರಿಯವರೆಲ್ಲ ಸೋಮನ ಅಂಗಳಕ್ಕೆ ಬಂದರು. ನಾನು ಆದೇಶವನ್ನು ಗಟ್ಟಿಯಾಗಿ ಓದಿದೆ. ಸೋಮ ಹೆಂಡತಿಯ ಕೈ ಹಿಡಿದುಕೊಂಡು ಅತ್ತ. ಜನ ಚದುರಿದ ಮೇಲೂ ದುರ್ಗಮ್ಮ ಮಾತ್ರ ಹೋಗಲಿಲ್ಲ. ಆರು ವರ್ಷದ ಹಿಂದೆ ಅವಳ ಒಬ್ಬನೇ ಮಗ ರಾಮ ಸತ್ತಿದ್ದ. ಹಳ್ಳ ದಾಟುವ ಸಂಕದಿಂದ ಮಳೆಯಲ್ಲಿ ಜಾರಿ ಸತ್ತ ಎಂದೇ ನಾವೆಲ್ಲ ನಂಬಿದ್ದೆವು, ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಸೋಮನೂ ಇದ್ದ.

"ವೆಂಕಿ," ಅಂದಳು ದುರ್ಗಮ್ಮ, "ನಮ್ ರಾಮ ಸಂಕದಿಂದ ಬಿದ್ದದ್ದಲ್ಲ ಮಾರಾಯ್ತಿ. ಉಪ್ಪಾಗೆ ಮರದಿಂದ ಬಿದ್ದ ಅಂದ್ರೆ ಕಳ್ತನದ ಕೇಸು ಬೀಳ್ತದೆ ಅಂತ ವಿಶ್ವೇಶ್ವರ ಹೆದರ್ಸಿದ. ನಾನೇ ಸುಳ್ಳು ಹೇಳ್ದೆ."

ವೆಂಕಮ್ಮ ಅವಳನ್ನು ಹಿಡಿದು ತನ್ನ ಪಕ್ಕ ಕೂರಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಹೆಗಡೇರೆ, ಕಾಗ್ದ ಪೆನ್ನು ಉಂಟಲ? ರಾಮನ ಹೆಸ್ರು ಬರೀರಿ," ಅಂದಳು.