ಸಮರ್ಥನ ಬಗ್ಗೆ ನಾನು ಬರೆದ ಒಂದು ವಾಕ್ಯ

ಸಮರ್ಥ, ಆ ವಾಕ್ಯ ಬರೆದವನು ನಾನು. ‘ಚೆಂಡು ದೂರ ಹೋದರೆ ಈತ ಓಡುವುದನ್ನು ಬಿಟ್ಟುಬಿಡುತ್ತಾನೆ’ — ಇದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಬರೆದೆ.

ನಾಲ್ಕು ವರ್ಷವಾಯಿತು. ಗ್ರೀನ್‌ಫರ್ಡಿನ ಗೋದಾಮುಗಳ ನಡುವಿನ ಒಂದು ಆಫೀಸಿನಲ್ಲಿ ಕೂತು, ಅಮೆರಿಕದವರು ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಕಾಲೇಜು ಫುಟ್‌ಬಾಲಿನ ವಿಡಿಯೊ ನೋಡಿ ಆಟಗಾರರಿಗೆ ಅಂಕ ಹಾಕುವುದು ನನ್ನ ಕೆಲಸ. ಪ್ರತಿ ವರ್ಷ ಅಲ್ಲಿನ ವೃತ್ತಿಪರ ತಂಡಗಳು ಕಾಲೇಜು ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಅದಕ್ಕೂ ಮುಂಚೆ ನಮ್ಮಂಥವರ ವರದಿ ತರಿಸಿಕೊಳ್ಳುತ್ತವೆ. ಆ ವರ್ಷ ಮೊದಲ ಸಲ ಒಂದು ಇಡೀ ವಿಭಾಗ ನನ್ನ ಕೈಗೆ ಬಂತು — ಔಟ್‌ಸೈಡ್ ಲೈನ್‌ಬ್ಯಾಕರ್‌ಗಳು. ರಕ್ಷಣೆಯ ಸಾಲಿನ ಅಂಚಿನಲ್ಲಿ ನಿಂತು ಒಮ್ಮೆ ಚೆಂಡೆಸೆಯುವವನ ಮೇಲೆ ನುಗ್ಗುವವರು, ಇನ್ನೊಮ್ಮೆ ಹಿಂದೆ ಸರಿದು ಚೆಂಡು ಹಿಡಿಯುವವನನ್ನು ಕಾಯುವವರು. ಪಟ್ಟಿಯಲ್ಲಿ, ಇಲ್ಲಿಂದ ಅಮೆರಿಕಕ್ಕೆ ಓದಲು ಹೋಗಿದ್ದ ನಿನ್ನ ಹೆಸರಿತ್ತು.

ಆಟಗಾರನ ಮನೆಯವರು ಪರಿಚಿತರಾದರೆ ಆ ಕಡತವನ್ನು ಬೇರೆಯವರಿಗೆ ಕೊಡಬೇಕು, ಅದು ನಮ್ಮ ನಿಯಮ. ಪರಿಚಯವೇನು ಬಂತು — ಈ ಊರಿಗೆ ಬಂದ ಹೊಸದರಲ್ಲಿ ಪ್ರತಿ ಭಾನುವಾರ ನಾನು ಉಂಡದ್ದೇ ಕ್ವೀನ್ಸ್‌ಬರಿಯ ನಿಮ್ಮ ಮನೆಯಲ್ಲಿ. ಆದರೂ ಆಫೀಸಿನಲ್ಲಿ ಬಾಯಿ ಬಿಡಲಿಲ್ಲ. ಹೇಳಿದರೆ ಆ ವಿಭಾಗವೇ ಕೈತಪ್ಪೀತೆಂಬ ಭಯ — ಅಲ್ಲ, ಆಸೆ. ಭಯವೆನ್ನುವುದು ನನಗೆ ಅನುಕೂಲದ ಮಾತು.

ಅಲ್ಲಿ ಮುಚ್ಚಿಟ್ಟವನು ನಿಮ್ಮ ಮನೆಯಲ್ಲಿ ಮಾತ್ರ ಜಂಬದಿಂದ ಹೇಳಿಕೊಂಡೆ. ನಿನ್ನ ಅಮ್ಮ ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದರು. ಧಾರವಾಡದ ಡಾಕ್ಟರಮ್ಮ, ಹಿಗ್ಗಲಿಲ್ಲ, ಶಿಫಾರಸೂ ಮಾಡಲಿಲ್ಲ.

“ನಮ್ಮ ಹುಡುಗ ಅಂತ ಒಂದಕ್ಷರ ಹೆಚ್ಚಿಗಿ ಬರೀಬ್ಯಾಡ ತಮ್ಮಾ. ನೋಡಿದ್ದನ್ನಷ್ಟ ಬರಿ.”

ನೋಡಿದ್ದೇನು? ಎದುರಾಳಿಯ ಕೈಯನ್ನು ತಟ್ಟಿ ಸರಿಸಿ, ಮೈ ಬಾಗಿಸಿ, ವೇಗ ತಗ್ಗಿಸದೆ ನೀನು ಸಾಲಿನ ಅಂಚು ಸುತ್ತಿ ಒಳನುಗ್ಗುತ್ತಿದ್ದ ರೀತಿಯನ್ನು ಕುರ್ಚಿಯಿಂದೆದ್ದು ನಿಂತು ನೋಡಿದ್ದೇನೆ. ಒಳ್ಳೆಯ ಅಂಕವನ್ನೇ ಹಾಕಿದ್ದೆ. ಮರುದಿನ ಲಿಫ್ಟಿನಲ್ಲಿ ನಮ್ಮ ಮ್ಯಾನೇಜರು ಸುಮ್ಮನೆ ಕೇಳಿದರು, ಆ ಹುಡುಗ ನಿಮ್ಮ ಕಡೆಯವನಾ ಎಂದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಸ್ಥಿತಿ. ಹೆಸರಷ್ಟೇ ಹಾಗಿದೆ, ನನಗೆ ಗೊತ್ತಿಲ್ಲ ಎಂದೆ. ವಾಪಸ್ ಬಂದು ಕೂತರೆ, ನಾನು ಹಾಕಿದ ಅಂಕವೇ ನನ್ನನ್ನು ಹಿಡಿದುಕೊಡುವಂತೆ ಕಂಡಿತು. ಒಂದು ದೋಷ ಬೇಕಾಗಿತ್ತು.

ಹುಡುಕಿದೆ. ಚೆಂಡು ಹಿಡಿದವನು ಆಚೆ ಬದಿಗೆ ಓಡಿದಾಗ ಕೆಲವು ಸಲ ನೀನು ನಿಂತಲ್ಲೇ ನಿಂತಿದ್ದೆ. ತಿಳಿಯದವರಿಗೆ ಅದು ಸೋಮಾರಿತನ. ನನಗೆ ತಿಳಿದಿತ್ತು — ಅವನು ಥಟ್ಟನೆ ತಿರುಗಿ ಈಚೆಗೆ ಬಂದರೆ ತಡೆಯಲು ಅಂಚಿನವನು ಜಾಗ ಬಿಡಬಾರದು. ಎಲ್ಲರೂ ಓಡುವಾಗ ನಿಲ್ಲುವುದೇ ಕಷ್ಟ. ಕೋಚ್ ಹೇಳಿದ್ದನ್ನು ನೀನು ಚಾಚೂ ತಪ್ಪದೆ ಮಾಡಿದ್ದೆ. ಆ ತುಣುಕುಗಳನ್ನೇ ಕತ್ತರಿಸಿ ಜೋಡಿಸಿದೆ. ಅಂಕ ಇಳಿಸಿದೆ. ಕೆಳಗೆ ಆ ವಾಕ್ಯ ಬರೆದೆ.

ಯಾವ ತಂಡವೂ ನಿನ್ನನ್ನು ಆರಿಸಲಿಲ್ಲ. ನನ್ನ ವರದಿಯಿಂದಲೇ ಹಾಗಾಯಿತೋ, ಗೊತ್ತಿಲ್ಲ. ಈ ‘ಗೊತ್ತಿಲ್ಲ’ದ ಹಿಂದೆ ಇಷ್ಟು ವರ್ಷ ಅಡಗಿ ಕೂತೆ.

ಮೊನ್ನೆ ಯುಗಾದಿ ಊಟಕ್ಕೆ ನನ್ನ ಪಕ್ಕದಲ್ಲೇ ಕೂತಿದ್ದೆಯಲ್ಲ. ಈಗ ಶಾಲೆಯ ಮಕ್ಕಳಿಗೆ ಆಟ ಕಲಿಸುತ್ತೀಯಂತೆ. ನನ್ನ ಹಾಗೆ ಸೋಮಾರಿಗಳಾಗಬೇಡಿ ಎನ್ನುತ್ತೀಯಂತೆ. ಆ ವಾಕ್ಯವನ್ನು ನಿನ್ನ ಏಜೆಂಟ್ ಓದಿ ಹೇಳಿದ್ದನಂತೆ. ಯಾರು ಬರೆದರೆಂದು ನಿನಗೆ ತಿಳಿಯದು.

“ಮೇಬಿ ಐ ಡಿಡ್ ಸ್ಟಾಪ್, ಅಂಕಲ್. ಐ ಜಸ್ಟ್ ಡೋಂಟ್ ರಿಮೆಂಬರ್.”

ನಾನು ಆಗಲೂ — ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡೆ. ಅವಕಾಶ ತಪ್ಪಿಸಿದ್ದು ಒಂದು ಪಾಪ. ನಿನ್ನ ಬಗ್ಗೆ ನಿನಗೇ ಸುಳ್ಳನ್ನು ನಂಬಿಸಿದ್ದು ಅದಕ್ಕಿಂತ ದೊಡ್ಡದು. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಬಸ್ಸಿನಲ್ಲಿ ಹೋಗುವವನು ಮಧ್ಯದಲ್ಲೇ ಇಳಿದು ನಡೆಯುತ್ತೇನೆ.

ಇವತ್ತು ಬೆಳಿಗ್ಗೆ ಆಫೀಸಿಗೆ ಎಲ್ಲವನ್ನೂ ಬರೆದು ಕಳಿಸಿದೆ. ಕೆಲಸ ಹೋಗಬಹುದು. ಅದು ಸುಲಭದ ಭಾಗ.

ನಿನಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ಅದು ಗೊತ್ತಿದ್ದೂ ಇಷ್ಟನ್ನು ಕನ್ನಡದಲ್ಲೇ ಬರೆದೆನಲ್ಲ — ಇಲ್ಲಿಯೂ ಬಚ್ಚಿಟ್ಟುಕೊಳ್ಳಲು ನೋಡಿದೆ. ನಾಳೆ ಬರುತ್ತೇನೆ. ನಿನ್ನ ಅಮ್ಮನ ಎದುರಿಗೇ, ನಾನೇ ಗಟ್ಟಿಯಾಗಿ ಓದುತ್ತೇನೆ. ಆಮೇಲೆ ನೀನು ಹೋಗು ಎಂದರೆ ಹೋಗುತ್ತೇನೆ.