ಗುಂಡಯ್ಯ ಮೇಷ್ಟ್ರನ್ನು ದೊಡ್ಡದು ಮಾಡಿ

ಬಸ್ಸಿನಲ್ಲಿ ಕೂತ ಐದೇ ನಿಮಿಷಕ್ಕೆ ನಿದ್ದೆ ಹೋಗುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅಂಥವರಲ್ಲಿ ಲಕ್ಷ್ಮೀನರಸಿಂಹ ಮೊದಲಿಗರು. ಬೆಳಿಗ್ಗೆ ಹೊಳೆನರಸೀಪುರದಲ್ಲಿ ಹತ್ತಿ, ಮೊಸಳೆ ಹೊಸಹಳ್ಳಿ ಬರುವಷ್ಟರಲ್ಲಿ ಪಕ್ಕದವರ ಹೆಗಲಿಗೆ ತಲೆ ಕೊಟ್ಟು, ಹಾಸನದ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ತಟ್ಟಿದಾಗ ಕಣ್ಣು ಬಿಡುತ್ತಿದ್ದರು. ಸಂಜೆ ವಾಪಸ್ಸು ಬರುವಾಗ ಅದು ಮೈಸೂರು ಬಸ್ಸಾಗಿದ್ದರೆ ಕಷ್ಟ. ಎರಡು ಸಲ ಭೇರ್ಯದಲ್ಲಿ ಎಚ್ಚರವಾಗಿದೆ.

"ಏನ್ ಸಾ, ಊರು ದಾಟೋಯ್ತಲ್ಲ, ಗೊತ್ತಾಗ್ನಿಲ್ವಾ?" ಎಂದು ನಾನು ರೇಗಿಸಿದರೆ, "ಕನಸನ್ನ ಅರ್ಧಕ್ಕೆ ಬಿಟ್ಟು ಇಳಿಯೋದು ಹೇಗೆ ದಿಲೀಪ?" ಎನ್ನುವರು. ತಮಾಷೆಗಲ್ಲ, ನಿಜವಾಗಿಯೂ ಕೇಳುವರು.

ನನ್ನದು ಚನ್ನರಾಯಪಟ್ಟಣದಲ್ಲಿ ಕಾಯಿ ಮಂಡಿಯ ಎದುರು ಒಂದು ಕಂಪ್ಯೂಟರ್ ರಿಪೇರಿ ಅಂಗಡಿ. ಅವರು ಹಾಸನದ ಒಂದು ಕಾಲೇಜಿನಲ್ಲಿ ಸರ್ವರ್ ಕೋಣೆಯ ಉಸ್ತುವಾರಿ. ಕೋಣೆ ಎಂದರೆ ಹಳೇ ಸ್ಟೋರ್ ರೂಮು; ಕಿಟಕಿಗೆ ಕಾರ್ಡ್‌ಬೋರ್ಡ್ ಹೊಡೆದು ಎಸಿ ಕೂರಿಸಿದ್ದರು. ಅದರೊಳಗೆ ಚಪ್ಪಲಿ ಬಿಟ್ಟು ಹೋಗಬೇಕೆಂಬ ನಿಯಮ ಲಕ್ಷ್ಮೀನರಸಿಂಹ ಅವರದು. ಫ್ಯಾನುಗಳ ಸದ್ದಿಗೆ ಕಿವಿಗೊಟ್ಟು ಅರ್ಧ ಗಂಟೆ ಸುಮ್ಮನೆ ನಿಂತುಬಿಡುವರು. ಹೇಮಾವತಿ ತುಂಬಿ ಹರಿಯುವಾಗ ತಮ್ಮ ಮನೆಯ ಹಿತ್ತಲಿಗೆ ಇದೇ ಸದ್ದು ಬರುತ್ತದೆ ಎಂದು ನನಗೆ ಕನಿಷ್ಠ ಹತ್ತು ಸಲ ಹೇಳಿದ್ದಾರೆ.

ಎರಡು ಸಾವಿರದ ಆರರ ಸುಮಾರಿಗೆ ಈ ವರ್ಚುವಲೈಸೇಶನ್ ಎಂಬುದು ನಮ್ಮ ಕಡೆಗೂ ಬಂತು. ಒಂದೇ ಯಂತ್ರದೊಳಗೆ ನಾಲ್ಕೈದು ಯಂತ್ರಗಳನ್ನು ಕೂರಿಸುವ ವಿದ್ಯೆ. ಒಳಗಿನ ಪ್ರತಿ ಯಂತ್ರಕ್ಕೂ ತಾನೊಬ್ಬನೇ ಇದ್ದೇನೆ, ಇಡೀ ಮನೆ ತನ್ನದೇ ಎಂಬ ಭ್ರಮೆ. ಇಂಗ್ಲಿಷಿನಲ್ಲಿ ಒಳಗಿನವನ್ನು ಗೆಸ್ಟ್ ಎಂದು ಕರೆಯುತ್ತಾರೆ. ಲಕ್ಷ್ಮೀನರಸಿಂಹ ಅದನ್ನು ನೆಂಟರು ಎಂದು ಮಾಡಿಕೊಂಡರು. "ನಾವೂ ಹಂಗೇ ಯಾರದೋ ಒಳಗೆ ನೆಂಟರಾಗಿದ್ದರೆ ನಮಗೆ ಗೊತ್ತಾಗುತ್ತದೆಯೇ?" ಎಂದು ಒಂದು ದಿನ ಕೇಳಿದರು. ನಾನು ಸ್ಕ್ರೂ ಡ್ರೈವರ್ ಹುಡುಕುತ್ತಿದ್ದೆ.

ಅವರೇ ಒಂದು ಇಮೇಲ್ ಗುಂಪು ಕಟ್ಟಿದರು. ಹೆಸರು 'ನೆಂಟರ ಮನೆ'. ನಾಲ್ಕು ತಾಲ್ಲೂಕಿನ ಆಸ್ಪತ್ರೆ, ಬ್ಯಾಂಕು, ಕಾಲೇಜುಗಳಲ್ಲಿ ಸರ್ವರ್ ಕಾಯುವ ಹನ್ನೊಂದು ಜನ. ತಿಂಗಳಿಗೊಂದು ಭಾನುವಾರ ಶಾಂತಿಗ್ರಾಮದ ಟೀ ಅಂಗಡಿಯಲ್ಲಿ ಸೇರುವುದು, ಉಳಿದ ದಿನ ಮೇಲ್‌ನಲ್ಲಿ ಜಗಳ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಿದ್ದ ಕಾಲವಾದ್ದರಿಂದ ಅರ್ಧ ಜಗಳ ತಪ್ಪು ಓದಿನಿಂದಲೇ ಹುಟ್ಟುತ್ತಿತ್ತು. ಒಬ್ಬ 'ತಲೆ' ಎಂದು ಬರೆದರೆ ಇನ್ನೊಬ್ಬ 'ತಾಳೆ' ಎಂದು ಓದಿ ಲೆಕ್ಕ ತಾಳೆ ನೋಡುತ್ತ ಕೂರುತ್ತಿದ್ದ. ನನಗೂ ಲಕ್ಷ್ಮೀನರಸಿಂಹ ಅವರಿಗೂ ಖಾಯಂ ಜಗಳ ಒಂದೇ: ಸ್ನ್ಯಾಪ್‌ಶಾಟ್ ಎಂಬುದು ಪ್ರತಿಯೋ ಅಲ್ಲವೋ.

ಹೆಸರು ಕೇಳಿದರೆ ಫೋಟೋ ಹಿಡಿದಿಟ್ಟಂತೆ ಅನಿಸುತ್ತದೆ. ಅದು ಹಾಗಲ್ಲ. ಮೂಲ ಪುಸ್ತಕವನ್ನು ಹಾಗೇ ಮುಚ್ಚಿಟ್ಟು, ಅಂದಿನಿಂದ ಆದ ತಿದ್ದುಪಡಿಗಳನ್ನೆಲ್ಲ ಪಕ್ಕದ ಹಾಳೆಗಳಲ್ಲಿ ಬರೆಯುತ್ತ ಹೋಗುವ ವ್ಯವಸ್ಥೆ. ಹಾಳೆ ಬೆಳೆಯುತ್ತಲೇ ಇರುತ್ತದೆ. ಮಧ್ಯೆ ಯಾರಾದರೂ ಮೂಲ ಪುಸ್ತಕಕ್ಕೆ ಕೈ ಹಾಕಿದರೆ ಹಾಳೆಯ ಸಾಲು ಯಾವ ಪುಟದ್ದೆಂದು ತಿಳಿಯದೆ ಎರಡೂ ಕೆಡುತ್ತವೆ. "ಸಾ, ಬ್ಯಾರೆ ಒಂದು ಕಾಪಿ ತಗುದ್ ಮಡಿಕಳಿ" ಎಂದು ನಾನು ಬಾಯಿ ಬಡಿದುಕೊಂಡೆ. "ಸ್ನ್ಯಾಪ್‌ಶಾಟ್ ಇದೆಯಲ್ಲಯ್ಯಾ" ಎಂದು ಅವರು ಆಕಳಿಸಿದರು.

ನಾನು ಅಷ್ಟು ಬಡಿದುಕೊಂಡದ್ದು ಗುಂಡಯ್ಯ ಮೇಷ್ಟ್ರಿಗಾಗಿ.

ಗುಂಡಯ್ಯ ಹೊಳೆನರಸೀಪುರದಲ್ಲಿ ಲಕ್ಷ್ಮೀನರಸಿಂಹ ಅವರಿಗೆ ಹೈಸ್ಕೂಲಿನಲ್ಲಿ ಪಾಠ ಮಾಡಿದವರು. ನಿವೃತ್ತಿಯಾಗಿ ಅರಕಲಗೂಡಿಗೆ ಹೋದ ಮೇಲೆ, ತೊಂಬತ್ತನಾಲ್ಕರಲ್ಲಿ ಒಂದು ಕಂಪ್ಯೂಟರ್ ತರಿಸಿ, ಈ ಸೀಮೆಯ ಆಡುಮಾತನ್ನು ಒಂದೊಂದಾಗಿ ಅದಕ್ಕೆ ತುಂಬತೊಡಗಿದರು. ಗದ್ದೆ ಬದುವಿನಲ್ಲಿ, ಸಂತೆಯಲ್ಲಿ ಕೇಳಿದ ಪದವನ್ನು ಚೀಟಿಯಲ್ಲಿ ಬರೆದುಕೊಳ್ಳುವುದು. ಪದ, ಅರ್ಥ, ಕೊನೆಗೆ ಹೇಳಿದವರ ಹೆಸರು ಮತ್ತು ಊರು. ಮನೆಗೆ ಬಂದು ಹೊಡೆದಾದ ಮೇಲೆ ಚೀಟಿ ಬಚ್ಚಲೊಲೆಗೆ. ಹತ್ತು ವರ್ಷದಲ್ಲಿ ಒಂಬತ್ತು ಸಾವಿರ ಪದ. ಎರಡು ಸಾವಿರದ ನಾಲ್ಕರಲ್ಲಿ ಅವರು ತೀರಿಕೊಂಡಾಗ ಎರಡು ಡಬ್ಬ ಚೀಟಿ ಹೊಡೆಯದೆ ಉಳಿದಿತ್ತು.

ಆ ಪದಗಳೆಲ್ಲ ಒಂದು ಹಳೆಯ ಕನ್ನಡ ತಂತ್ರಾಂಶದಲ್ಲಿದ್ದವು. ಅದು ಆ ಕಂಪ್ಯೂಟರ್ ಬಿಟ್ಟು ಬೇರೆಲ್ಲೂ ಬಾಯಿ ಬಿಡದು. ಕಂಪ್ಯೂಟರಿಗೋ ಮುಪ್ಪು ಬಂದಿತ್ತು. ಅದಕ್ಕೇ ಎರಡು ಸಾವಿರದ ಏಳರಲ್ಲಿ ಲಕ್ಷ್ಮೀನರಸಿಂಹ ಅದನ್ನು ಇಡಿಯಾಗಿ ಕಾಲೇಜಿನ ಸರ್ವರ್‌ನೊಳಗೆ ನೆಂಟನಾಗಿ ಕೂರಿಸಿದರು. ಮರುವಾರವೇ ಹಳೆಯ ಡಿಸ್ಕು ಕಟಕಟ ಎಂದು ಸತ್ತಿತು. ಒಳಗಿನ ನೆಂಟನಿಗೆ ಅವರಿಟ್ಟ ಹೆಸರು ಗುಂಡಯ್ಯ ಮೇಷ್ಟ್ರು.

ಮೇಷ್ಟ್ರ ಹೆಂಡತಿ ನಂಜಮ್ಮನವರ ಮುಂದೆ ಅವರು ಕೈಮುಗಿದು ಮಾತು ಕೊಟ್ಟದ್ದನ್ನು ನಾನೇ ನೋಡಿದ್ದೇನೆ. "ಒಂದು ಪದವೂ ಹೋಗದ ಹಾಗೆ ನೋಡ್ಕೋತೀನಿ ಅಮ್ಮ" ಎಂದರು. ಆಮೇಲೆ ಎಂಟು ತಿಂಗಳು, ಊಟದ ಬಿಡುವಿನಲ್ಲಿ, ಲ್ಯಾಬಿನ ಶ್ರೀಗೌರಿಯನ್ನು ಜೊತೆಗೆ ಕೂರಿಸಿಕೊಂಡು ಮೊದಲ ಡಬ್ಬದ ಚೀಟಿಗಳನ್ನು ಹೊಡೆದರು. ಒಂದೊಂದು ಚೀಟಿಯ ಚಿತ್ರವನ್ನೂ ಸ್ಕ್ಯಾನ್ ಮಾಡಿ ಅದರೊಳಗೇ ಇಟ್ಟರು. ಆ ದಿನಗಳಲ್ಲಿ ಬಸ್ಸಿನಲ್ಲಿ ಅವರಿಗೆ ಒಂದೇ ಕನಸು ಬೀಳುತ್ತಿತ್ತಂತೆ. ಮೇಷ್ಟ್ರು ಒಂದು ಕೋಣೆಯಲ್ಲಿ ಕೂತು ಬರೆಯುತ್ತಿರುತ್ತಾರೆ, ಇವರು ಬಾಗಿಲು ತೆರೆದರೆ ಮತ್ತೆ ಅದೇ ಕೋಣೆ, ಮೇಷ್ಟ್ರು ತಲೆ ಎತ್ತದೆ "ಇನ್ನೂ ಒಳಗೆ ಬಾ" ಎನ್ನುತ್ತಾರೆ.

ಎರಡು ಸಾವಿರದ ಎಂಟರ ಮಾರ್ಚ್, ಒಂದು ಶನಿವಾರ. ಎರಡನೇ ಡಬ್ಬ ತರಲೆಂದು ಅವರು ಹಾಸನದಿಂದ ಅರಕಲಗೂಡಿನ ಬಸ್ಸು ಹತ್ತಿದ್ದರು. ಯಥಾಪ್ರಕಾರ ನಿದ್ದೆ. ಅರ್ಧ ದಾರಿಯಲ್ಲಿ ಮೊಬೈಲ್ ಗುರ್ ಎಂದಿತು. ಶ್ರೀಗೌರಿಯ ಮೆಸೇಜು: ಜಾಗ ಸಾಲುತ್ತಿಲ್ಲ ಎಂದು ಪರದೆಯ ಮೇಲೆ ಬರುತ್ತಿದೆ, ಮೇಷ್ಟ್ರು ತಡವರಿಸುತ್ತಿದ್ದಾರೆ, ಏನು ಮಾಡಲಿ? ಇವರು ಅರೆಗಣ್ಣಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಒತ್ತಿದರು: 'ಗುಂಡಯ್ಯ ಮೇಷ್ಟ್ರನ್ನು ದೊಡ್ಡದು ಮಾಡಿ.' ಅಂದರೆ ಅದರ ಡಿಸ್ಕನ್ನು ಹಿಗ್ಗಿಸಿ ಎಂದು. ಕಲಿಸಿಕೊಟ್ಟಿದ್ದರು, ಎರಡು ನಿಮಿಷದ ಕೆಲಸ. ಒತ್ತಿ ಮತ್ತೆ ಕನಸಿಗೆ ಹೋದರು.

ಅರಕಲಗೂಡಿನಲ್ಲಿ ಇಳಿದು ಫೋನ್ ಮಾಡಿದರು.

"ದೊಡ್ಡದು ಮಾಡಿದೆಯೇನಮ್ಮ?"

"ಆಗಲೇ ಮಾಡಿದೆ ಸರ್. ಶಾಂತವಾಗಿದೆ."

"ಶಾಂತವಾಗಿದೆ ಅಂದ್ರೆ?"

"ನೀವು ಹೇಳಿದ ಹಾಗೆ ಸರ್. ಹೊಡೆದಿದ್ದನ್ನೆಲ್ಲ ಉಳಿಸಿ, ನಿಧಾನಕ್ಕೆ ಆಫ್ ಮಾಡಿದೆ."

ದೇವಸ್ಥಾನದ ಮನೆತನದ ಹುಡುಗಿ. ಅವರ ಮನೆಯಲ್ಲಿ ದೀಪವನ್ನು ಯಾರೂ ಆರಿಸುವುದಿಲ್ಲ. ಆರಿಸು ಎಂಬ ಮಾತೇ ಅಪಶಕುನ. ದೀಪ ದೊಡ್ಡದು ಮಾಡು ಎನ್ನಬೇಕು. ತೀರಿಕೊಂಡ ಮೇಷ್ಟ್ರ ಹೆಸರಿನ ಯಂತ್ರವನ್ನು ಆರಿಸು ಎನ್ನಲು ಸರ್‌ಗೆ ಮನಸ್ಸು ಬಂದಿಲ್ಲ ಎಂದು ಆಕೆ ತಿಳಿದಳು. ಲಕ್ಷ್ಮೀನರಸಿಂಹ ಅವರ ತಾಯಿಯೂ ದಿನಾ ಸಂಜೆ ಹಾಗೇ ಅನ್ನುತ್ತಿದ್ದವರು. ಮಗ ಮಾತ್ರ ಸರ್ವರ್ ಕೋಣೆಯ ಕನ್ನಡ ಕಲಿತು ಹುಟ್ಟಿದ ಮನೆಯ ಕನ್ನಡ ಮರೆತಿದ್ದರು.

ಅವರು ಮೊದಲು ನಕ್ಕರಂತೆ. ಆಮೇಲೆ ಯಾಕೋ ಅನುಮಾನ ಬಂದು ನನಗೆ ಫೋನ್ ಮಾಡಿದರು. ನಾನು ಕೇಳಿದ್ದು ಒಂದೇ: "ಸಾ, ಅದುಕ್ಕೆ ಸ್ನ್ಯಾಪ್‌ಶಾಟ್ ಐತಾ?"

ಬಸ್ ಸ್ಟ್ಯಾಂಡಿನ ಗಲಾಟೆಯ ನಡುವೆ ಅವರು ದನಿ ತಗ್ಗಿಸಿದರು.

"ಮೊದಲ ದಿನ ತಗೊಂಡಿದ್ದೆ. ಹಾಗೇ ಬಿಟ್ಟಿದೀನಿ."

"ಎಂಟು ತಿಂಗ್ಳಾ? ಜಾಗ ತಿಂದಿರಾದು ಅದೇಯ. ಆ ಹುಡ್ಗಿ ಏನಾದ್ರೂ ನೀವು ಯೋಳ್ದಂಗೆ ಮೂಲ ಡಿಸ್ಕ್‌ನ ಇಗ್ಗಿಸಿದ್ರೆ ಒಂಬತ್ ಸಾವ್ರ ಪದವೂವೆ ನೀರ್‌ಪಾಲು! ಯಾರೂ ಅದುನ್ನ ಮುಟ್ಬ್ಯಾಡಿ. ಆನ್ ಕೂಡ ಮಾಡ್ಬ್ಯಾಡಿ. ನಾನು ಬತ್ತಾ ಇವ್ನಿ."

ನಂಜಮ್ಮನವರ ಮನೆಗೆ ಹೋಗದೆ ಅವರು ಅದೇ ಬಸ್ಸಿಗೆ ವಾಪಸ್ಸು ಬಂದರು. ನಾನು ಅಂಗಡಿಗೆ ಬಾಗಿಲೆಳೆದು ಹಾಸನಕ್ಕೆ ಹೋದಾಗ ಮಧ್ಯಾಹ್ನ ಒಂದು ಗಂಟೆ. ಮೇಷ್ಟ್ರನ್ನು ಇಡಿಯಾಗಿ ಮೊದಲು ನನ್ನ ಲ್ಯಾಪ್‌ಟಾಪಿಗೆ ಪ್ರತಿ ಮಾಡಿಕೊಂಡೆವು. ಆಮೇಲೆ ಎಂಟು ತಿಂಗಳ ಪಕ್ಕದ ಹಾಳೆಗಳನ್ನು ಮೂಲ ಪುಸ್ತಕದೊಳಕ್ಕೆ ಸೇರಿಸಲು ಕೊಟ್ಟೆವು. ಪರದೆಯ ಮೇಲೆ ನೀಲಿ ಪಟ್ಟಿ ತೊಂಬತ್ತೊಂಬತ್ತಕ್ಕೆ ಬಂದು ನಿಂತು ಮುಕ್ಕಾಲು ಗಂಟೆ ಕದಲಲಿಲ್ಲ. ಲಕ್ಷ್ಮೀನರಸಿಂಹ ತಣ್ಣನೆಯ ನೆಲದ ಮೇಲೆ ಕೂತು ಗೋಡೆಗೊರಗಿದ್ದರು. ಬಯ್ಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವರ ಮುಖ ನೋಡಿ ನಾನೂ ಪಕ್ಕದಲ್ಲೇ ನೆಲಕ್ಕೆ ಕೂತೆ. ಶ್ರೀಗೌರಿ ಬಾಗಿಲ ಬಳಿ ನಿಂತು, "ನನ್ನಿಂದ ತಪ್ಪಾಯ್ತಾ ಸರ್?" ಎಂದು ಮೂರನೇ ಸಲ ಕೇಳಿದಳು.

"ತಪ್ಪು ನನ್ನದಮ್ಮ. ನೀನು ನಮ್ಮಮ್ಮನ ಮಾತು ಕೇಳಿದೆ" ಎಂದರು.

ಪಟ್ಟಿ ತುಂಬಿತು. ನೆಂಟನನ್ನು ಎಬ್ಬಿಸಿದೆವು. ಕಪ್ಪು ಪರದೆಯ ಮೇಲೆ ಹಳೆಯ ದಪ್ಪ ಕನ್ನಡ ಅಕ್ಷರಗಳು ಒಂದೊಂದೇ ಮೂಡಿದವು. ಲೆಕ್ಕ ಸರಿಯಿತ್ತು.

ಮರುದಿನ ಭಾನುವಾರ ನಾನೂ ಅವರ ಜೊತೆ ಅರಕಲಗೂಡಿಗೆ ಹೋದೆ. ಹೇಳದಿದ್ದರೂ ನಡೆಯುತ್ತಿತ್ತು, ಏನೂ ನಷ್ಟವಾಗಿರಲಿಲ್ಲ. ಆದರೆ ಅವರು ಒಪ್ಪಲಿಲ್ಲ. ನಂಜಮ್ಮನವರು ಪಡಸಾಲೆಯಲ್ಲಿ ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಿದ್ದರು, ಮೂರು ಮಿಷನ್ನು ಒಟ್ಟಿಗೆ ಓಡುತ್ತಿದ್ದವು. ಆ ಸದ್ದಿನಲ್ಲೇ ಲಕ್ಷ್ಮೀನರಸಿಂಹ ತಮ್ಮ ತಪ್ಪನ್ನೆಲ್ಲ ಮೊದಲಿಂದ ಒಪ್ಪಿಸಿದರು. ಪದವೆಲ್ಲ ಹೋಗಿಯೇಬಿಡುತ್ತಿತ್ತು, ಹುಡುಗಿ ದೀಪದ ಮಾತೆಂದು ತಿಳಿದಿದ್ದಕ್ಕೆ ಉಳಿಯಿತು ಎಂದರು.

ನಂಜಮ್ಮ ಕತ್ತರಿ ಕೆಳಗಿಟ್ಟು ನಕ್ಕರು. "ಅಲ್ಲ ಕಣಪ್ಪ ನರಸಿಂಹ, ದೀಪ ದೊಡ್ಡುದ್ ಮಾಡೋದು ಯಾರಿಗ್ ಗೊತ್ತಿಲ್ಲ? ನಾವೂ ಅಂಗೇ ಅನ್ನಾದು." ಆಮೇಲೆ ಕೇಳಿದರು: "ಆ ಮಾತು ಅವ್ರು ಬರ್ಕಂಡವ್ರಾ, ನೋಡು."

ಲ್ಯಾಪ್‌ಟಾಪ್ ತೆರೆದು ಮೇಷ್ಟ್ರನ್ನು ಎಬ್ಬಿಸಿ ಹುಡುಕಿದೆವು. ನೇಗಿಲಿನ ಭಾಗಗಳಿಗೆ ಮೂವತ್ತು ಹೆಸರಿತ್ತು. ದನದ ಕೊಂಬಿನ ತಿರುವಿಗೆ ಹದಿನಾಲ್ಕು. ದೊಡ್ಡದು ಮಾಡು ಇರಲಿಲ್ಲ.

"ಮೂವತ್ತೈದು ವರ್ಸ," ಎಂದರು ನಂಜಮ್ಮ, "ದಿನಾ ಮನಿಕ್ಕಳಾಗ, 'ದೀಪ ದೊಡ್ಡುದ್ ಮಾಡ್ಲಾ?' ಅಂತ ಅವ್ರುನ್ನೇ ಕೇಳ್ತಿದ್ದೆ. ಊರೂರು ತಿರುಗಿ ಮಾತು ಆಯ್ಕಂಡ್ ಬರೋರು. ಮನೇಲಿ ಆಡಿದ್ದು ಕಿವೀಗೇ ಬೀಳ್ನಿಲ್ಲ."

ಕೋಪವಿರಲಿಲ್ಲ ಆ ಮಾತಿನಲ್ಲಿ. ಅದಕ್ಕೇ ಕೇಳಲು ಕಷ್ಟವಾಯಿತು. ನಾನು ತಲೆಹರಟೆ, ಸುಮ್ಮನಿರದೆ ಹೇಳಿದವರ ಹೆಸರಿನ ಕಡೆ 'ನಂಜಮ್ಮ, ಅರಕಲಗೂಡು' ಎಂದು ಹೊಡೆದು ಹುಡುಕಿದೆ. ಒಂದೂ ಸಿಗಲಿಲ್ಲ. ಪರದೆಯನ್ನು ಅವರಿಗೆ ಕಾಣದಂತೆ ತಿರುಗಿಸಿಕೊಂಡೆ. ಲಕ್ಷ್ಮೀನರಸಿಂಹ ನೋಡಿದ್ದರು.

ಅವರು ಜೇಬಿನಿಂದ ಬಸ್ ಟಿಕೆಟ್ ತೆಗೆದು ಅದರ ಹಿಂದೆ, ಮೇಷ್ಟ್ರು ಬರೆಯುತ್ತಿದ್ದ ಕ್ರಮದಲ್ಲೇ ಬರೆದರು. ದೊಡ್ಡದು ಮಾಡು: ದೀಪವನ್ನು ಶಾಂತಗೊಳಿಸು. ಹೇಳಿದವರು: ನಂಜಮ್ಮ, ಅರಕಲಗೂಡು. ಗಟ್ಟಿಯಾಗಿ ಓದಿದರು. ಮೂರೂ ಮಿಷನ್ನು ನಿಂತವು.

"ಇನ್ನೊಂದ್ ಸಲ ಓದಪ್ಪ," ಎಂದರು ನಂಜಮ್ಮ.

ಅವರು ಓದಿದರು. ನಂಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಮಣೆ ಎಳೆದುಕೊಂಡು ಕೂತರು. "ಬರ್ಕಾ ಅಂಗಾರೆ. ಅಡ್ಗೆ ಮನೇದು ಒಂದೂ ಇರಾಕಿಲ್ಲ ಅದ್ರಲ್ಲಿ."

ಟಿಕೆಟ್ಟು ಮುಗಿದು, ಹೊಲಿಗೆಯ ಅಳತೆ ಪುಸ್ತಕದ ಹಾಳೆಗಳೂ ಮುಗಿದವು. ಸಂಜೆ ಬಸ್ಸಿನಲ್ಲಿ ನಾನು ಕಿಟಕಿಗೊರಗಿ ಕಣ್ಣು ಮುಚ್ಚಿದೆ. ಲಕ್ಷ್ಮೀನರಸಿಂಹ ಹಾಳೆಗಳನ್ನು ತೊಡೆಯ ಮೇಲೆ ಹರವಿಕೊಂಡು, ಒಂದೊಂದರ ಕೆಳಗೂ ಬಿಟ್ಟುಹೋಗಿದ್ದ ಹೆಸರನ್ನು ತುಂಬುತ್ತ, ಹಾಸನ ಬರುವವರೆಗೂ ಎಚ್ಚರವಾಗಿಯೇ ಇದ್ದರು.