ಬೀಗರ ಹುಡುಗಿಗೆ ದಾರಿ ಬಿಡದ ವರ್ಷ

ಜೇವರ್ಗಿಯಲ್ಲಿ ನಾವು ಒಂದು ಗೋಲಿನಿಂದ ಗೆದ್ದೆವೋ ಎರಡರಿಂದಲೋ, ಈಗ ಆಣೆಯಿಟ್ಟು ಹೇಳಲಾರೆ. ಆ ದಿನ ಮೋಡ ಕವಿದಿತ್ತೆಂದು ನನ್ನ ನೆನಪು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತೆಂದು ನಮ್ಮ ಗೋಲ್‌ಕೀಪರ್ ವಾದಿಸುತ್ತಾಳೆ. ಗೆದ್ದದ್ದರ ಬಗ್ಗೆ ಮಾತ್ರ ಇಬ್ಬರಿಗೂ ತಕರಾರಿಲ್ಲ. ಯಾಕೆಂದರೆ ಅದರ ಹಿಂದಿನ ವರ್ಷ ಅಫಜಲಪುರದ ನಮ್ಮ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡ ಹೋದಲ್ಲೆಲ್ಲ ಸೋತು ಬಂದಿತ್ತು.

ಆ ಸೋಲುಗಳಲ್ಲಿ ಆಳಂದದ್ದನ್ನು ಯಾರೂ ಮರೆಯಲಿಲ್ಲ. ನನ್ನ ಅಕ್ಕನ ನಿಶ್ಚಿತಾರ್ಥ ಆಗಷ್ಟೇ ಮುಗಿದಿತ್ತು. ಹುಡುಗ ಆಳಂದದವನು, ಅವನ ತಂಗಿ ಆಳಂದ ಕಾಲೇಜಿನ ಫಾರ್ವರ್ಡ್. ನಿಶ್ಚಿತಾರ್ಥದ ದಿನ ನಮ್ಮ ಅಂಗಳದಲ್ಲಿ ಅವಳ ಕಾಲಿಗೆ ನೀರು ಕೊಟ್ಟವಳು ನಾನೇ. ಗಂಡಿನ ಕಡೆಯವರು ಎದುರು ಬಂದರೆ ನಾವು ಹೆಣ್ಣಿನ ಕಡೆಯವರು ಪಕ್ಕಕ್ಕೆ ಸರಿದು ನಿಲ್ಲುತ್ತೇವೆ. ಅದನ್ನು ಯಾರೂ ಕಲಿಸುವುದಿಲ್ಲ, ಕಾಲಿಗೇ ಗೊತ್ತಿರುತ್ತದೆ. ಮೈದಾನದಲ್ಲಿ ಆಕೆ ಚೆಂಡು ತಳ್ಳಿಕೊಂಡು ಬಂದಾಗ, ಗೋಲಿನ ಮುಂದೆ ಕಾವಲಿದ್ದ ನನ್ನ ಕಾಲು ಅದನ್ನೇ ಮಾಡಿತು. ನಾನು ಸರಿದೆ, ಚೆಂಡು ಒಳಗೆ ಹೋಯಿತು.

“ಬೀಗತಿಗೆ ದಾರಿ ಬಿಟ್ಟೆಲ್ಲಬೇ!” ಎಂದು ಹವಳಗಾದ ನಮ್ಮ ಗೋಲ್‌ಕೀಪರ್ ಕೂಗಿದಳು. “ಮೊದ್ಲೇ ಹೇಳಿದ್ರ ನಾ ಆರತಿ ತಾಟ ಹಿಡ್ಕೊಂಡು ನಿಲ್ತಿದ್ನಿ!”

ಮುಂದಿನ ವರ್ಷ ಹೊಸ ಕೋಚ್ ಬಂದರು, ಕೋಲಾರದ ಕಡೆಯ ಮೇಡಂ. ಮೊದಲ ವಾರ ಸೀಟಿಯನ್ನೂ ಊದದೆ ಸುಮ್ಮನೆ ನೋಡುತ್ತ ಕೂತರು. ಆಮೇಲೆ ಹೇಳಿದರು: “ನಿಮ್ಮಲ್ಲಿ ಓಟಕ್ಕೇನೂ ಕಮ್ಮಿ ಇಲ್ಲ ಕಣ್ರಮ್ಮ. ಮರ್ಯಾದೆನೇ ಜಾಸ್ತಿ.” ನಿಜವಾಗಿತ್ತು. ಮೊದಲ ವರ್ಷದವರು ಕೊನೆಯ ವರ್ಷದ ಅಕ್ಕಂದಿರ ಕಾಲಿನಿಂದ ಚೆಂಡು ಕಸಿಯುತ್ತಿರಲಿಲ್ಲ. ಅಪ್ಪಿತಪ್ಪಿ ಕಾಲು ತಾಕಿದರೆ ಆಟ ನಿಲ್ಲಿಸಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಮರುದಿನ ಕೋಚ್ ಇತಿಹಾಸದ ಮೇಡಂ ಅವರನ್ನು ಮೈದಾನಕ್ಕೆ ಕರೆತಂದರು. ನಾವು ಅವರೆದುರು ಕೆಮ್ಮಲೂ ಹೆದರುತ್ತಿದ್ದೆವು. ಅವರು ಸೀರೆ ಎತ್ತಿ ಸಿಕ್ಕಿಸಿ, ಚೆಂಡಿನ ಮೇಲೆ ಕಾಲಿಟ್ಟು ನಿಂತರು. ಒಬ್ಬೊಬ್ಬರಾಗಿ ಬಂದು ಅವರಿಂದ ಚೆಂಡು ಕಸಿಯಬೇಕು. ಅಷ್ಟೇ ಆ ದಿನದ ಪಾಠ. ಯಾರೂ ಮುಂದೆ ಹೋಗಲಿಲ್ಲ.

“ಬರ್ರಿ, ಬರ್ರಿ. ಮಾರ್ಕ್ಸ್ ಕಟ್ ಮಾಡಂಗಿಲ್ಲ,” ಎಂದರು ಇತಿಹಾಸದ ಮೇಡಂ.

“ಖರೇನೇನ್ರಿ ಮೇಡಂ?” ಗೋಲ್‌ಕೀಪರ್ ಕೇಳಿದಳು.

“ನಿನಗ ಕಟ್ ಮಾಡಾಕ ಮಾರ್ಕ್ಸ್ ಎಲ್ಲಿ ಬಿದ್ದಾವ ಬೇ?”

ನಗುವಿನ ನಡುವೆ ಯಾರೋ ಒಬ್ಬಳು ಓಡಿಹೋಗಿ ಚೆಂಡು ಒದ್ದಳು. ಅದು ನಾನೇ ಎಂದು ಬಹಳ ವರ್ಷ ನಂಬಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ವಾರ ಕಳೆಯುವುದರೊಳಗೆ ಇತಿಹಾಸದ ಮೇಡಂ ಅವರೇ ನಮ್ಮನ್ನು ಮೊಣಕೈಯಿಂದ ತಳ್ಳುವುದನ್ನು ಕಲಿತಿದ್ದರು, ನಾವು ಅವರಿಗೆ ಸೊಪ್ಪು ಹಾಕುವುದನ್ನು ಬಿಟ್ಟಿದ್ದೆವು.

ಜೇವರ್ಗಿಯ ಗೆಲುವು ಹೀಗೆ ಬಂತು. ಅದರ ಬೆನ್ನಿಗೆ ಇನ್ನೂ ಗೆಲುವುಗಳು ಬಂದವು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ನಮ್ಮನ್ನು ಗುರುತು ಹಿಡಿದು “ಇವತ್ತ ಯಾರ್ನ ಕೆಡವಿ ಬಂದ್ರಿ?” ಎಂದು ಕೇಳತೊಡಗಿದರು. ಕೊನೆಗೆ ಉಳಿದದ್ದು ಆಳಂದ. ಅಲ್ಲಿ ಗೆದ್ದರೆ ಆ ವರ್ಷದ ಅಂತರಕಾಲೇಜು ಪಂದ್ಯಾವಳಿಯಲ್ಲಿ ನಾವೇ ಮೊದಲಿಗರು.

ಆದರೆ ಆ ವರ್ಷದ ಬೇಸಿಗೆಯಲ್ಲೇ ಅಕ್ಕನ ಮದುವೆಯಾಗಿತ್ತು. ಅವಳೀಗ ಆ ಫಾರ್ವರ್ಡ್ ಹುಡುಗಿಯ ಅತ್ತಿಗೆ, ಅದೇ ಮನೆಯ ಸೊಸೆ. ಹೊರಡುವ ಮುಂಜಾನೆ ಅವ್ವ ನನ್ನ ಜಡೆ ಬಿಗಿಯುತ್ತ ಹೇಳಿದಳು: “ಆಟ ಮುಗದ ಮ್ಯಾಲೆ ನೀ ಬಸ್ ಹತ್ತಿ ಬರ್ತಿ. ನಿಮ್ಮಕ್ಕ ಅಲ್ಲೇ ಇರಾಕಿ. ನೆನಪಿರ್ಲಿ.”

ನೆನಪಿತ್ತು. ನನ್ನನ್ನು ಇನ್ನೊಂದು ಬದಿಗೆ ಹಾಕಿರೆಂದು ಬಸ್ಸಿನಲ್ಲಿ ಕೋಚ್‌ಗೆ ಹೇಳಿದೆ. “ಹಾಕ್ತೀನಿ,” ಎಂದರು ಅವರು. “ಆದ್ರೆ ಅವಳು ಯಾವ ಕಾಲಲ್ಲಿ ತಿರುಗ್ತಾಳೆ ಅಂತ ನಿನಗೆ ಗೊತ್ತು. ಬೇರೆ ಯಾರಿಗೆ ಗೊತ್ತು?” ಈ ಮಾತು ಅವರು ಹೇಳಿದರೋ, ಕಿಟಕಿಯಾಚೆಯ ತೊಗರಿ ನೋಡುತ್ತ ನನಗೆ ನಾನೇ ಹೇಳಿಕೊಂಡೆನೋ. ಅಂತೂ ನಾನು ಜಾಗ ಬದಲಿಸಲಿಲ್ಲ.

ಆಟ ಮುಗಿಯುವ ಹೊತ್ತಿಗೆ ನಾವು ಒಂದು ಗೋಲು ಮುಂದಿದ್ದೆವು. ಆಗ ಅವಳು ಒಬ್ಬಳೇ ಚೆಂಡಿನೊಂದಿಗೆ ಬಂದಳು. ನಗುತ್ತಿದ್ದಳು. “ಬಾಜೂಕ ಸರಿ ಬೀಗತಿ, ಹೋದ ವರ್ಷದಂಗ!”

ಅವಳು ಎಡಗಾಲಿನ ಮೇಲೆ ತಿರುಗುವವಳು. ನಾನು ಅತ್ತಲೇ ಹೋದೆ. ಚೆಂಡು ನನ್ನ ಕಾಲಿಗೆ ಬಂತು. ಅವಳು ಎರೆಮಣ್ಣಿನಲ್ಲಿ ಅಂಗಾತ ಬಿದ್ದಳು. ನ್ಯಾಯವಾದ ತಡೆ ಅದು. ರೆಫರಿ ಸೀಟಿ ಊದಲಿಲ್ಲ. ನಾನು ಕೈಕೊಟ್ಟು ಎಬ್ಬಿಸಿದೆನೆಂದು ಗೋಲ್‌ಕೀಪರ್ ಹೇಳುತ್ತಾಳೆ. ನನಗೆ ನೆನಪಿರುವುದು ಚೆಂಡನ್ನು ದೂರ ಒದ್ದದ್ದು ಮಾತ್ರ. ಎಷ್ಟು ಚೆನ್ನಾಗಿ ಒದ್ದೆನೆಂದರೆ, ಅದರ ಬಗ್ಗೆ ಇವತ್ತಿಗೂ ಪಶ್ಚಾತ್ತಾಪ ಹುಟ್ಟಿಲ್ಲ. ಗೆದ್ದೆವು. ಅವಳು ಕುಂಟುತ್ತ ಮನೆಯತ್ತ ಹೋದಳು, ನಾವು ಹಾಡುತ್ತ ಬಸ್ಸು ಹತ್ತಿದೆವು.

ಎಳ್ಳಮಾವಾಸ್ಯೆಗೆ ಅಕ್ಕ ತವರಿಗೆ ಬಂದಳು. ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಅಪ್ಪ ನನ್ನ ಆಟದ ಬಡಾಯಿ ಕೊಚ್ಚಿದ. ಅಕ್ಕನೂ ನಕ್ಕಳು. ಮುಂಚಿಗಿಂತ ತೆಳ್ಳಗಾಗಿದ್ದಳೋ, ಹೊಸ ಸೀರೆಯಲ್ಲಿ ಹಾಗೆ ಕಂಡಳೋ ನನಗೆ ತಿಳಿಯಲಿಲ್ಲ. ಉಳಿದವರು ಜೋಳ ನೋಡಲು ಎದ್ದುಹೋದ ಮೇಲೆ, ಅವಳು ನನ್ನ ತಟ್ಟೆಗೆ ಇನ್ನಷ್ಟು ಭಜ್ಜಿ ಹಾಕುತ್ತಿರುವಾಗ ಒಂದು ಮಾತು ಕೇಳಿದೆ. ಆಮೇಲೆ ಫೋನಿನಲ್ಲಿ ಒಮ್ಮೆ, ಅವಳ ಮಗಳ ತೊಟ್ಟಿಲ ದಿನ ಮತ್ತೊಮ್ಮೆ ಅದನ್ನೇ ಕೇಳಿದ್ದೇನೆ. ಪ್ರತಿ ಸಲವೂ ಅವಳಿಗೆ ಬೇರೇನೋ ಕೆಲಸ ನೆನಪಾಗುತ್ತದೆ.

“ಅಕ್ಕಾ, ಆವತ್ತ ಅಕಿ ಕುಂಟ್ಕೋತ ಮನಿಗಿ ಬಂದಾಗ, ನಿನಗ ಯಾರಾರ ಏನಾರ ಅಂದ್ರೇನು?”